ಮೂರನೇ ಸಲ ಬಂದ ಬೆರಳು

ನಾಲ್ಕು ವಾರ ಮನೆಯಲ್ಲಿ ಕೂತು ತೋರುಬೆರಳು ಬೆಳೆಸಿಕೊಂಡ ಯಮನೂರ, ಮತ್ತೆ ತಗಡು ಕತ್ತರಿಸುವ ಮಷಿನ್ನಿನ ಮುಂದೆ ಬಂದು ನಿಂತ. ಎಡಗೈಯ ಆ ಬೆರಳು ಎಳೆ ಮೂಲಂಗಿಯಂತೆ ಬೆಳ್ಳಗಿತ್ತು. ಸೂಪರ್‌ವೈಸರ್ ಕುಬಸದ ಎಂಬಾತ ಚಹಾ ಕುಡಿಯುತ್ತ ಹತ್ತಿರ ಬಂದ.

“ಸರ, ಬ್ಲೇಡಿಗೆ ಜಾಲರಿ ಹಾಕಸ್ರಿ. ಇದು ಮೂರನೇ ಸಲ ಬಂದದ್ದು. ಯಾವ ಬೆರಳೂ ನಾಕನೇ ಸಲ ಬರಂಗಿಲ್ಲ, ನಿಮಗೂ ಗೊತ್ತೈತಿ.”

“ಜಾಲರಿ ಎಲ್ಲಿಂದ ತರ್ಲೋ ತಮ್ಮಾ? ಮಂದಿಗೆ ಕಡದ ಬೆರಳು ಮತ್ತ ಬೆಳಿಯಾಕ ಹತ್ತಿದ ವರ್ಷನ ಗುಜರಿಗೆ ಹಾಕೇವಿ.” ಕುಬಸದ ಅವನ ಬಲಗೈ ಹಿಡಿದು ತಿರುಗಿಸಿ ನೋಡಿದ. “ಇದನ್ನ ಇನ್ನೂ ಮುಟ್ಟೇ ಇಲ್ಲಲ್ಲೋ. ಐದು ಬೆರಳು, ಒಂದೊಂದೂ ಮೂರು ಸಲ. ನಿನ್ನಂಥ ಸಾವಕಾರ ಈ ಶೆಡ್ಡಿನಾಗ ಯಾರ ಅದಾರ?”

ಸುತ್ತಲಿದ್ದವರು ನಕ್ಕರು. ಅವರೆಲ್ಲರ ಎರಡೂ ಕೈಗಳ ಬೆರಳು ಬೆಳ್ಳಗಿದ್ದವು.

ಮುಂದಿದ್ದ ತಗಡನ್ನು ಎತ್ತಿ ಕುಬಸದನ ಮುಖಕ್ಕೆ ಎಸೆಯುವಷ್ಟು ಸಿಟ್ಟು ಯಮನೂರನಿಗೆ ಬಂತು. ಎಸೆದರೆ ಕೆಲಸ ಹೋಗುತ್ತಿತ್ತು; ತನ್ನ ಜಾಗಕ್ಕೆ ಬರಲು ಗೇಟಿನ ಹೊರಗೆ ಮಂದಿ ಕಾದು ನಿಂತಿದ್ದರು. ಹಲ್ಲು ಕಚ್ಚಿಕೊಂಡು, ಎಡಗೈ ಬದಲು ಬಲಗೈ ಬ್ಲೇಡಿನ ಕಡೆಗೆ ಬರುವಂತೆ ಮಷಿನ್ನಿನ ಆಚೆ ಬದಿಗೆ ಸರಿದ. ಹುಟ್ಟುವಾಗ ತಂದಿದ್ದ ಐದು ಬೆರಳುಗಳಿಂದ ತಗಡನ್ನು ಒತ್ತಿ ಹಿಡಿದು, ಬ್ಲೇಡಿನ ಬಾಯಿಗೆ ತಳ್ಳಿದ.