ಬಲಭುಜದ ಪಾಠ

ಮೊದಲ ಗುಂಡಿಗೇ ಅಪ್ಪ ತತ್ತರಿಸಿ ಹಿಂದಕ್ಕೆ ಬಂದರು. ಗುಂಡು ಗುರಿಹಲಗೆಯ ಹತ್ತಿರವೂ ಸುಳಿಯದೆ ಹಾಳು ಕಲ್ಲುಗಣಿಯ ಮಣ್ಣುದಿಬ್ಬದಲ್ಲಿ ಹೂತುಹೋಯಿತು. ಮಗಳು ನಗಲಿಲ್ಲ. ನಕ್ಕರೆ ಅಪ್ಪ ರೈಫಲನ್ನು ಚೀಲಕ್ಕೆ ಸೇರಿಸಿ ಮನೆದಾರಿ ಹಿಡಿಯುತ್ತಾರೆಂದು ಅವಳಿಗೆ ಗೊತ್ತಿತ್ತು.

ಅಪ್ಪ ಹುಟ್ಟಾ ಎಡಚರು. ಜೀವಮಾನವಿಡೀ ಎಡಭುಜಕ್ಕೆ ಬಂದೂಕು ಆನಿಸಿ ಬೇಟೆಯಾಡಿದವರು. ಈಗ ಅದೇ ಭುಜದ ಕೆಳಗೆ, ಚರ್ಮದಡಿಯಲ್ಲಿ, ಪುಟ್ಟ ಪೇಸ್‌ಮೇಕರ್ ಕೂತಿದೆ. ಬಂದೂಕಿನ ಒದೆತ ಆ ಕಡೆ ಬೀಳಲೇಕೂಡದು, ಬೇಕಾದರೆ ಬಲಭುಜದಲ್ಲಿ ಕಲಿಯಿರಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದಿನಿಂದ ಅಪ್ಪ ರೈಫಲಿಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟು ಕಿಟಕಿ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ನೋಡಲಾರದೆ ಮಗಳೇ ಕಾಡಿಬೇಡಿ ಇಲ್ಲಿಗೆ ಕರೆತಂದಿದ್ದಳು.

ಚಿಕ್ಕಂದಿನಲ್ಲಿ ಅವರು ಕಲಿಸಿದ್ದನ್ನೇ ಈಗ ಅವರಿಗೆ ಒಪ್ಪಿಸಿದಳು. ರೈಫಲಿನ ಬುಡ ಮೂಳೆಯ ಮೇಲಲ್ಲ, ಭುಜದೊಳಗಿನ ತಗ್ಗಿನಲ್ಲಿ ಕೂರಬೇಕು. ಕೆನ್ನೆ ಬುಡದ ಮರದ ಹಿಡಿಗೆ ಅಂಟಿರಬೇಕು. ಮೈಭಾರ ಮುಂದಿಟ್ಟ ಕಾಲಿನ ಮೇಲಿರಬೇಕು.

"ಸಂದಿ ಬಿಟ್ರೆ ಗುದ್ದತ್ತೆ ಅಪ್ಪಾ. ತಬ್ಕೊಂಡ್ರೆ ಬರೀ ತಳ್ಳತ್ತೆ."

ತಮ್ಮ ಮಾತು ತಮಗೇ ವಾಪಸು ಬಂದದ್ದಕ್ಕೆ ಅಪ್ಪ ಮೀಸೆಯಡಿ ನಕ್ಕರು. ಆದರೂ ಗುಂಡುಗಳು ಹಲಗೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹೋದವು. ಕೊನೆಗೆ ಅವಳು ಹೇಳದೆ ಕೇಳದೆ ಮದ್ದಿಲ್ಲದ ತೋಟಾ ತುಂಬಿಸಿ ಕೊಟ್ಟಳು. ಮೋಟುಗೋಡೆಯ ಮರಳುಚೀಲದ ಮೇಲೆ ನಳಿಗೆ ಊರಿ ಅಪ್ಪ ಟ್ರಿಗರ್ ಎಳೆದರು. ಟಕ್ ಎಂದಿತು, ಅಷ್ಟೇ. ಒದೆತವೇ ಇಲ್ಲ. ಆದರೆ ಅಪ್ಪನ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಎಡಗೈ ರೈಫಲನ್ನು ಬಿಟ್ಟು ಎದೆಯನ್ನು ಅವುಚಿಕೊಂಡಿತ್ತು.

ಕಾಡುಹಂದಿ ನೇರ ನುಗ್ಗಿ ಬಂದರೂ ರೆಪ್ಪೆ ಬಡಿಯದ ಮನುಷ್ಯ.

"ಅದೆಲ್ಲಿ ನಿಂತುಬಿಡತ್ತೋ ಅಂತ," ಎಂದರು ಅಪ್ಪ, ಮುಖ ತಿರುಗಿಸಿ. "ಏನೂ ಆಗಲ್ಲ ಅಂತ ನಂಗೆ ಗೊತ್ತು. ಈ ಕೈಗೆ ಗೊತ್ತಾಗ್ತಿಲ್ಲ."

ಅವಳು ಇನ್ನೊಂದು ತೋಟಾ ಎತ್ತಿಕೊಂಡಳು. ಇದು ನಿಜವಾದ ತೋಟಾ ಎಂದು ತೋರಿಸಿಯೇ ತುಂಬಿಸಿದಳು. ಅವರ ಎಡಗಡೆ ಹಿಂದೆ ನಿಂತು ಕೈ ಚಾಚಿ, ಅಂಗಿಯ ಮೇಲಿನಿಂದಲೇ ಆ ಪುಟ್ಟ ಉಬ್ಬಿಗೆ ಅಂಗೈ ಇಟ್ಟಳು.

"ಇದನ್ನ ನಾನು ಹಿಡ್ಕೊಂಡಿರ್ತೀನಿ. ನೀವು ರೈಫಲ್ ಹಿಡ್ಕೊಳ್ಳಿ."

ಅಪ್ಪನ ಎಡಗೈ ಮೆಲ್ಲಗೆ ನಳಿಗೆಯಡಿಗೆ ಮರಳಿತು. ಅರ್ಧ ಉಸಿರು ಬಿಟ್ಟು ಅವರು ತಡೆದದ್ದು ಅವಳ ಅಂಗೈಗೆ ತಿಳಿಯಿತು. ಗುಂಡು ಹಾರಿತು. ಅಪ್ಪ ನಿಂತಲ್ಲೇ ಒಮ್ಮೆ ಹಿಂದಕ್ಕೆ ತೂಗಿ ನೆಟ್ಟಗಾದರು. ದೂರದಲ್ಲಿ ಹಲಗೆಯ ಮೂಲೆಯಿಂದ ಸಿಬಿರೊಂದು ಸಿಡಿಯಿತು.

ಅಪ್ಪ ರೈಫಲನ್ನು ಮರಳುಚೀಲದ ಮೇಲೆ ಮಲಗಿಸಿದರು. ಎದೆಯ ಮೇಲೆ ಇನ್ನೂ ಹಾಗೆಯೇ ಇದ್ದ ಅವಳ ಕೈಯನ್ನು ತಮ್ಮ ಕೈಯಿಂದ ಮುಚ್ಚಿದರು.

"ಒಳಗಿರೋದು ಅಲುಗ್ಲಿಲ್ಲ," ಎಂದರು. "ನಿನ್ನ ಕೈಯೇ ನಡುಗ್ತಿದೆ, ಮಗಳೇ."