ತಪಾಸಣೆಯ ದಿನದ ಹೊಗೆ

ಕಾರ್ಖಾನೆಯ ಮ್ಯಾನೇಜರು ತಮ್ಮ ಕಡೆಯ ಸಾಕ್ಷಿಯೆಂದು ಕರೆದದ್ದು ಅರ್ಜಿ ಹಾಕಿದ ಹುಡುಗಿಯ ಸ್ವಂತ ತಾತನನ್ನೇ. ವಿಚಾರಣೆ ನಡೆಯುತ್ತಿದ್ದ ಪುರಸಭೆಯ ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಮೂವತ್ತನಾಲ್ಕು ವರ್ಷ ಅದೇ ಕಾರ್ಖಾನೆಯ ಬಾಯ್ಲರಿಗೆ ಕಲ್ಲಿದ್ದಲು ಉಣಿಸಿ ನಿವೃತ್ತನಾದ ಮುದುಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಮನೆಗೆ ಬಂದವನ ಹಾಗೆ ಎರಡನೆಯ ಸಾಲಿನಲ್ಲಿ ಕೂತಿದ್ದ. ದೊಡ್ಡವರು ತನ್ನನ್ನು ಕರೆದರೆಂದು ಅವನಿಗೆ ಹಿಗ್ಗೋ ಹಿಗ್ಗು. ಮೊಮ್ಮಗಳ ಮುಖ ಮಾತ್ರ ಹುಳ್ಳಗಾಯಿತು. "ನಿನ್ನ ಹಾಲು, ನಿನ್ನ ಪುಸ್ತಕ, ಎಲ್ಲ ಆ ಹೊಗೇಲೇ ಬಂದಿದ್ದು ಕಣೇ" ಎಂದು ಅವನು ಬೆಳಿಗ್ಗೆ ತಾನೇ ಅವಳ ಜೊತೆ ಜಗಳವಾಡಿದ್ದ.

ಅವಳು ಆಗಷ್ಟೇ ಮಾತು ಮುಗಿಸಿದ್ದಳು. ವಯಸ್ಸು ಹದಿನೇಳು, ಬಾಯಿ ನೋಡಿ ತಾತ ಇಟ್ಟಿದ್ದ ಹೆಸರು ವಕೀಲಮ್ಮ. ಕಾರ್ಖಾನೆ ಇನ್ನೊಂದು ಕಲ್ಲಿದ್ದಲು ಬಾಯ್ಲರು ಹಾಕಲು ಅನುಮತಿ ಕೇಳಿತ್ತು. ಕೂಡದು ಎಂದು ತಕರಾರು ಅರ್ಜಿ ಕೊಟ್ಟವಳು ಇವಳು.

"ಹೋದ ಬೇಸಿಗೇಲಿ ಸೆಕೆಗೆ ನಮ್ಮ ಶಾಲೆ ಹನ್ನೆರಡು ದಿನ ಮುಚ್ಚಿದ್ರು. ಪೋಸ್ಟ್‌ಮ್ಯಾನ್ ಅಣ್ಣ ತಲೆ ತಿರುಗಿ ಸೈಕಲ್ ಮೇಲಿಂದ ಬಿದ್ರು. ಈ ಸೆಕೆ ಹೆಚ್ಚಿಸ್ತಿರೋದು ಕಲ್ಲಿದ್ದಲ ಹೊಗೇಲಿರೋ ಇಂಗಾಲ. ನೀವು ಇವತ್ತು ಬಿಡೋದು ನಾನು ಅಜ್ಜಿ ಆದಾಗ್ಲೂ ಮೇಲೇ ಇರುತ್ತೆ ಸರ್. ಆಗ ನೀವಿರಲ್ಲ."

"ಅಲ್ಲಮ್ಮ, ಹೊಗೆ ಬಿಡೋದು ಇಡೀ ಪ್ರಪಂಚ. ನಮ್ಮೊಬ್ಬರನ್ನೇ ಹಿಡ್ಕೊಂಡ್ರೆ ಹೇಗೆ?" ಎಂದು ಮ್ಯಾನೇಜರು ಮಗುವಿಗೆ ಹೇಳುವಂತೆ ಹೇಳಿದ್ದರು.

"ಪ್ರಪಂಚಕ್ಕೆ ವಿಳಾಸ ಇಲ್ಲ ಸರ್, ನಿಮಗಿದೆ. ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರೆ. ಇಲ್ಲಿ ಉಪ್ಪು ತಿಂದವರು ನೀವು, ಬಾಯಾರಿಕೆ ನಮಗೆ!"

ಸಭೆ ಗೊಳ್ಳೆಂದಿತ್ತು. ವಿಚಾರಣಾಧಿಕಾರಿ ಕೂಡ ಫೈಲಿನ ಹಿಂದೆ ನಗು ಬಚ್ಚಿಟ್ಟುಕೊಂಡಿದ್ದರು. ನಗದಿದ್ದವರು ಮ್ಯಾನೇಜರು ಒಬ್ಬರೇ. ಅವರು ತಪಾಸಣೆಯ ದಾಖಲೆ ಬಿಚ್ಚಿ ಮೇಜಿನ ಮೇಲಿಟ್ಟರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊಗೆ ಮಿತಿ ದಾಟಿರಲಿಲ್ಲ. ಅದಕ್ಕೆ ಮುದ್ರೆ ಒತ್ತಿಸಲೆಂದೇ ಈಗ ತಾತನ ಕೈಗೆ ಮೈಕು ಕೊಡಿಸಿದ್ದು.

"ಹೇಳಿ ಯಜಮಾನ್ರೇ, ಒಂದೇ ಒಂದು ತಪಾಸಣೇಲಾದ್ರೂ ನಮ್ಮ ಚಿಮಣಿ ಹೊಗೆ ಜಾಸ್ತಿ ಬಂದಿತ್ತಾ?"

"ನಾನಿದ್ದಾಗಲಾ?" ತಾತನ ಎದೆ ಉಬ್ಬಿತು. "ಸಾಧ್ಯವೇ ಇಲ್ಲ ಸ್ವಾಮಿ!"

ಮ್ಯಾನೇಜರು ಸಭೆಯ ಕಡೆ ತಿರುಗಿ ಮುಗುಳ್ನಕ್ಕರು. ಅಲ್ಲಿಗೆ ಮೈಕು ವಾಪಸ್ ತೆಗೆದುಕೊಂಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಹತ್ತು ವರ್ಷದಿಂದ ಯಾರೂ ಕೆಲಸದ ಮಾತು ಕೇಳದಿದ್ದ ಮನುಷ್ಯ ಅಷ್ಟಕ್ಕೇ ಬಿಟ್ಟಾನೆಯೇ?

"ಅದೇನು ಸುಮ್ನೆ ಆಗುತ್ತಾ ಮೇಡಂ?" ಎಂದು ಅವನು ಅಧಿಕಾರಿಯ ಕಡೆ ತಿರುಗಿದ. "ತಪಾಸಣೆಯವರು ಬರೋ ಎರಡು ಗಂಟೆ ಮುಂಚೆ ಆಫೀಸಿಂದ ಫೋನ್ ಬರೋದು, 'ಇವತ್ತು ನೆಂಟರು ಬರ್ತಾರೆ' ಅಂತ. ತಕ್ಷಣ ಮಣ್ಣು ಬೆರೆತ ಕಲ್ಲಿದ್ದಲು ಹಾಕೋದು ನಿಲ್ಲಿಸಿ, ನೆಂಟರಿಗೆ ಅಂತಲೇ ಇಟ್ಟಿದ್ದ ಒಳ್ಳೇ ಕಲ್ಲಿದ್ದಲು ತೆಳ್ಳಗೆ ಹರಡಿ, ಗಾಳಿ ಬಾಗಿಲು ಇಷ್ಟೇ ಇಷ್ಟು ತೆಗೀತಿದ್ದೆ. ಹೊಗೆ ಇದೆಯೋ ಇಲ್ವೋ ಅನ್ನಬೇಕು, ಹಾಗೆ! ಆ ಹದ ಬೇರೆ ಯಾರ ಕೈಗೂ ಹತ್ತಲಿಲ್ಲ. ಬೇಕಾದ್ರೆ ಇವರನ್ನೇ ಕೇಳಿ. ಆಗಿನ್ನೂ ಚಿಕ್ಕ ಸಾಹೇಬ್ರು, ಎಷ್ಟು ಸಲ ನನ್ನ ಬೆನ್ನು ತಟ್ಟಿದಾರೆ!"

ಅಧಿಕಾರಿ ಪಕ್ಕದಲ್ಲಿದ್ದ ಗುಮಾಸ್ತನಿಗೆ ಬರೆದುಕೊಳ್ಳುವಂತೆ ಸನ್ನೆ ಮಾಡಿದರು.

"ನೆಂಟರು ಹೋದ ಮೇಲೆ?" ಅಧಿಕಾರಿ ಮೆಲ್ಲಗೆ ಕೇಳಿದರು.

"ಹೋದ ಮೇಲೆ ಏನು ಮೇಡಂ, ಮತ್ತೆ ಅದೇ ಮಣ್ಣು, ಅದೇ ಕರೀ..." ತಾತನ ಮಾತು ನಡುವೆಯೇ ನಿಂತಿತು. ಗುಮಾಸ್ತ ಟಪಟಪನೆ ಬೆರಳಚ್ಚು ಮಾಡುತ್ತಿದ್ದ. ಕುಣಿದಾಡಬೇಕಿದ್ದ ಮೊಮ್ಮಗಳು ತಲೆ ತಗ್ಗಿಸಿ ಕೂತಿದ್ದಳು. ತಾನು ಹೇಳಿದ್ದು ಏನೆಂದು ತಾತನಿಗೆ ಆಗ ಹೊಳೆಯಿತು.

ಮ್ಯಾನೇಜರು ದಡಬಡಿಸಿ ಎದ್ದರು. "ಮೇಡಂ, ಅಂಥ ಆದೇಶ ಕಂಪನಿ ಯಾವತ್ತೂ ಕೊಟ್ಟಿಲ್ಲ. ಕೆಳಗಿನವರು ತಮಗೆ ತಾವೇ ಏನಾದ್ರೂ ಮಾಡ್ಕೊಂಡಿದ್ರೆ ನಾವು ಹೊಣೆಯಲ್ಲ."

ಐದು ನಿಮಿಷದ ಹಿಂದೆ 'ಯಜಮಾನ್ರು' ಆಗಿದ್ದ ತಾತ ಈಗ 'ಕೆಳಗಿನವರು' ಆಗಿದ್ದ. ಅಧಿಕಾರಿ ಆ ಮಾತನ್ನೂ ಬರೆಸಿಕೊಂಡರು. ಬಾಯ್ಲರಿನ ಅನುಮತಿಯನ್ನು ತಡೆಹಿಡಿದು, ಇನ್ನು ಮುಂದೆ ಹೇಳದೆ ಕೇಳದೆ ತಪಾಸಣೆಗೆ ಬರುತ್ತೇವೆ ಎಂದು ಎದ್ದರು. ಜನ ಚಪ್ಪಾಳೆ ತಟ್ಟಿದರು. ಹುಡುಗಿ ತಟ್ಟಲಿಲ್ಲ. ತಾತನ ತೋಳು ಹಿಡಿದು ಹೊರಗೆ ಕರೆತಂದಳು.

"ಅರ್ಜಿ ವಾಪಸ್ ತಗೊಂಡ್ಬಿಡ್ತೀನಿ ತಾತ," ಅಂದಳು ಮೆಟ್ಟಿಲಿಳಿಯುತ್ತ. "ನೋಡ್ತಿರು, ಎಲ್ಲಾ ನಿನ್ನ ತಲೆಗೇ ಕಟ್ತಾರೆ."

ತಾತ ಮೆಟ್ಟಿಲ ಮೇಲೆಯೇ ಕೂತು, ಅವಳನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡ.

"ನಿನ್ನ ಅರ್ಜೀಲಿ ಹೊಣೆಗಾರರು ಅಂತ ಒಂದು ಪಟ್ಟಿ ಇದೆಯಲ್ಲ, ಅದರಲ್ಲಿ ನನ್ನ ಹೆಸರೂ ಸೇರಿಸು."

"ತಾತಾ!"

"ಬರಿಯೇ, ವಕೀಲಮ್ಮ. ಅಷ್ಟು ದೊಡ್ಡ ಕಂಪನೀಲಿ 'ಹೌದು, ನಾನೇ ಮಾಡಿದ್ದು' ಅನ್ನೋಕೆ ಒಬ್ಬನಾದ್ರೂ ಬೇಡವಾ?"