ಓವನ್ ಬಾಗಿಲು

ಅವಳ ಕೈ ಮತ್ತೆ ಓವನ್ನಿನ ಹಿಡಿಗೆ ಹೋಯಿತು. ಬಾಗಿಲು ತೆಗೆದು ಇಣುಕಿದರೆ, ಕುಂಬಳಕಾಯಿ ಬೆರೆಸಿದ ಹಿಟ್ಟನ್ನು ಗಂಟಿನಂತೆ ತಿರುಚಿಟ್ಟ ಪ್ರೆಟ್ಜೆಲ್ ಬ್ರೆಡ್ಡುಗಳು ಕೈಕಟ್ಟಿ ಕೂತ ಮಕ್ಕಳ ಹಾಗೆ ಇದ್ದಲ್ಲೇ ಇದ್ದವು. ಉಬ್ಬುವ ಆತುರ ಅವಕ್ಕಿಲ್ಲ, ಕೆಂಪಾಗುವ ಆತುರವೂ ಇಲ್ಲ. ಊಟದ ಮೇಜಿನ ಹತ್ತಿರ ಗಂಡನ ಮೊದಲ ಹೆಂಡತಿಯ ಮಗಳೂ ಹಾಗೇ ಕೈಕಟ್ಟಿ ಕೂತಿದ್ದಳು.

ರಜೆಗೆಂದು ಅಪ್ಪನ ಮನೆಗೆ ಬಂದಾಗಲೆಲ್ಲ ಹುಡುಗಿ ಅವಳೊಡನೆ ಬ್ಯಾಂಕಿನ ಕೌಂಟರಿನಲ್ಲಿ ನಿಂತವಳ ಹಾಗೆ ಮಾತಾಡುತ್ತಿದ್ದಳು: "ನೀರು ಕೊಡಿ", "ನೀವು ಮಲಗಿ". ಹೆತ್ತ ತಾಯಿಗಾದರೆ ಫೋನಿನಲ್ಲಿ "ನೀನು ಸುಮ್ನಿರಮ್ಮ" ಎಂದು ಗದರುವುದು ಅಡುಗೆಮನೆವರೆಗೂ ಕೇಳಿಸುತ್ತಿತ್ತು. ಎಲೆ ಉದುರುವ ಕಾಲಕ್ಕೆ ಮೆತ್ತನೆಯ ಪ್ರೆಟ್ಜೆಲ್ ಇರಬೇಕು ಎಂದು ಹುಡುಗಿ ಯಾವಾಗಲೋ ಬಾಯಿತಪ್ಪಿ ಅಂದದ್ದೇ ನೆಪವಾಗಿ, ಅವಳು ಬೆಳಗಿನಿಂದ ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ.

"ಬೇಯಿಸೋ ಮುಂಚೆ ಅಡುಗೆ ಸೋಡಾ ಹಾಕಿದ ನೀರಲ್ಲಿ ಇನ್ನೊಂಚೂರು ಅದ್ದಬೇಕಿತ್ತೇನೋ," ಎಂದು ತನಗೆ ತಾನೇ ಗೊಣಗಿಕೊಂಡು ಬಾಗಿಲು ಮುಚ್ಚಿದಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ಕೈ ಪುನಃ ಹಿಡಿಗೆ ಹೋಯಿತು.

"ಪದೇ ಪದೇ ತೆಗೀಬೇಡ, ಬಿಸಿಯೆಲ್ಲ ಹೋಗುತ್ತೆ," ಎಂದು ಹುಡುಗಿ ರೇಗಿದಳು. "ಬಂದು ಸುಮ್ನೆ ಕೂತ್ಕೋ ನೀನು."

ತನ್ನ ಬಾಯಿಂದ ಏನು ಬಂತು ಎಂಬುದು ಹುಡುಗಿಯ ಗಮನಕ್ಕೇ ಬಂದಿರಲಿಲ್ಲ. ಕಾಲಿನಿಂದ ಪಕ್ಕದ ಕುರ್ಚಿಯನ್ನು ಹೊರಗೆ ತಳ್ಳಿ, ಓವನ್ನಿನ ಕಡೆಗೇ ನೋಡುತ್ತಿದ್ದಳು. ಅವಳು ಹಿಡಿ ಬಿಟ್ಟು ಬಂದು, ಬೈಸಿಕೊಂಡ ಮಗುವಿನ ಹಾಗೆ, ಕೈಕಟ್ಟಿ ಕೂತಳು.